ಅಜ್ಜಿಯ ಬೆಕ್ಕಿನ ಕಣ್ಣು

ನಮಸ್ಕಾರ, ಇದು ಕೊಡಗಿನ ಸುಂಟಿಕೊಪ್ಪ ಹತ್ತಿರದ ನಮ್ಮ ಮನೆ. ಕಣದಲ್ಲಿ ಕಾಫಿ ಕೆದಕುತ್ತಿರುವವರು ನಮ್ಮ ಅಜ್ಜಿ. ವಯಸ್ಸು 84. ಅವರ ಕಣ್ಣು ನೋಡಿ, ಬೆಕ್ಕಿನ ಕಣ್ಣು! ಗ್ರಹಣದ ದಿನ ಹುಟ್ಟಿದ್ದಕ್ಕೆ ಹಾಗೆ ಅಂತ ಮನೆಮಂದಿಯೆಲ್ಲ ನಂಬಿದ್ದೆವು.

ಹೋದ ವರ್ಷ ಕೆನಡಾದಲ್ಲಿರುವ ನನ್ನ ಅಣ್ಣ ಸುಮ್ನೆ ಡಿಎನ್‌ಎ ಟೆಸ್ಟ್ ಮಾಡಿಸಿದ. ಎಂಟರಲ್ಲಿ ಒಂದು ಪಾಲು ಬ್ರಿಟಿಷ್ ಅಂತ ಬಂತು. ಒಬ್ಬ ಮುತ್ತಜ್ಜನಿಂದ ನಮಗೆ ಬರುವುದೂ ಹೆಚ್ಚುಕಮ್ಮಿ ಅಷ್ಟೇ. ಜೊತೆಗೆ ಇಂಗ್ಲೆಂಡಿನಲ್ಲಿ ಒಬ್ಬರು ಸಂಬಂಧಿಯೂ ಸಿಕ್ಕರು. ಅವರ ಅಜ್ಜ ಇಲ್ಲಿ ತೋಟದ ದೊರೆ. ನಮ್ಮ ಮುತ್ತಜ್ಜಿ ಅದೇ ತೋಟದ ಕೂಲಿಯವರ ಲೈನ್‌ಮನೆಯವರು. ದೊರೆಗೆ ಇಲ್ಲ ಅನ್ನುವ ಧೈರ್ಯ ಆಗ ಯಾವ ಹೆಣ್ಣಿಗಿತ್ತು? ಇದನ್ನು ಪ್ರೇಮಕಥೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಜನವರಿಯಲ್ಲಿ ಇಂಗ್ಲೆಂಡಿನ ಆ ಸಂಬಂಧಿ ಮಹಿಳೆ ಬಂದೇಬಿಟ್ಟರು. ಆಸ್ತಿ ಕೇಳಲು ಬಂದಿದ್ದಾರೆ ಅಂತ ನಮ್ಮ ಸೋದರಮಾವ ಪಹಣಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟರು. ಆಕೆಗೋ, ಇಂಗ್ಲೆಂಡಿನ ಮನೆಯಲ್ಲಿ ನಾವೇ ಪಾಲು ಕೇಳುತ್ತೇವೆ ಅಂತ ಭಯ!

ಅಜ್ಜಿ ಬೆಲ್ಲದ ಕಾಫಿ ಕೊಟ್ಟರು. ಇಬ್ಬರೂ ಲೋಟ ಹಿಡಿದರು. ಇಬ್ಬರ ಕಿರುಬೆರಳೂ ಒಂದೇ ತರ ಒಳಕ್ಕೆ ಬಾಗಿತ್ತು. ನನ್ನ ಕ್ಯಾಮೆರಾ ಅಲ್ಲಾಡಿದ್ದು ಇಲ್ಲೇ.

"ನನ್ನ ಅಣ್ಣನ ಮಗಳು. ಅಂದ್ರೆ ನನಗೆ ಸೊಸೆ" ಅಂದರು ಅಜ್ಜಿ.

ಆ ಮಾತು ಬೇಲಿ ದಾಟಿತು. ನಮ್ಮ ಮಾವನಿಗೆ 58 ವರ್ಷ, ಮದುವೆಯಾಗಿಲ್ಲ. ಸಂಜೆಯೊಳಗೆ ಪಕ್ಕದ ಮನೆಯವರು ಬಾಳೆಗೊನೆ ಹೊತ್ತು ಬಂದರು. "ಇಂಗ್ಲೆಂಡಿಂದ ಸೊಸೆ ತಂದ್ರಂತಲ್ಲ! ಮಾವನ ಮಗಳೇ ಅಲ್ವಾ, ವರಸೆ ಸರಿಯಾಗಿದೆ." ಮಾವ ಕಾಫಿ ಗಿಡಗಳ ಮಧ್ಯೆ ಮಾಯ. ಮೊಮ್ಮಕ್ಕಳನ್ನು ಕಂಡಿರುವ ಆಕೆಗೆ ಇದನ್ನೆಲ್ಲ ಬಿಡಿಸಿ ಹೇಳಿದವಳು ನಾನು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು.

ಮರುದಿನ ಎಲ್ಲರೂ ಮಡಿಕೇರಿ ಕೋಟೆಗೆ ಹೋದೆವು. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಮಗಳು ಗೌರಮ್ಮನ ಕಥೆ ಹೇಳಿದೆ. 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಗಾಡ್‌ಮದರ್ ಆಗಿದ್ದರು. ಮುಂದೆ ಗೌರಮ್ಮ ಮದುವೆಯಾದದ್ದು ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು. ಅವರಿಗೆ ಎಡಿತ್ ಅಂತ ಮಗಳು.

ಅಜ್ಜಿ ಎಲ್ಲ ಕೇಳಿಸಿಕೊಂಡು, "ಅರಮನೆ ಹೆಣ್ಣಿನ ಕಥೆ ಪುಸ್ತಕದಲ್ಲಿದೆ. ನಮ್ಮವ್ವನ ಹೆಸರು ತೋಟದ ಆಳುಗಳ ಹಾಜರಿಪಟ್ಟಿ ಚೆಕ್‌ರೋಲಲ್ಲಿ ಮಾತ್ರ ಇತ್ತು" ಅಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಚೀಲದಿಂದ ತಮ್ಮ ವಂಶವೃಕ್ಷದ ಹಾಳೆ ತೆಗೆದರು. ಅಜ್ಜನ ಹೆಸರಿನ ಪಕ್ಕ ಬೆರಳಿಟ್ಟು, ಅಜ್ಜಿಯ ಕೈಗೆ ಪೆನ್ನು ಕೊಟ್ಟರು. ಅಜ್ಜಿ ಕನ್ನಡದಲ್ಲೇ ಬರೆದರು. ಒತ್ತಕ್ಷರ ತಪ್ಪಿತು. ಹೊಡೆದುಹಾಕಿ, ದೊಡ್ಡದಾಗಿ ಮತ್ತೆ ಬರೆದರು.