ಗ್ಯಾಸ್ಟ್ರಿಕ್ ಮಾತ್ರೆಯ ಜೊತೆಗೆ ಖಿನ್ನತೆಯ ಮಾತ್ರೆ

ಹಿರಿಯರೇ, ಸ್ನೇಹಿತರೇ,

ಔಷಧಿ ಅಂಗಡಿಯ ಮುಂದೆ ನಿಂತು “ಗ್ಯಾಸ್ಟ್ರಿಕ್‌ಗೆ ಒಂದು ಸ್ಟ್ರಿಪ್ ಕೊಡಿ” ಎಂದು ಕೇಳುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಆ ಸ್ಟ್ರಿಪ್ಪಿನ ಮೇಲಿರುವ ಕೆಂಪು ಗೆರೆಯ ಅರ್ಥ ವೈದ್ಯರ ಚೀಟಿ ಬೇಕೆಂದು ಎಂಬುದು ಕೊಳ್ಳುವವರಿಗೂ ಕೊಡುವವರಿಗೂ ಮರೆತೇಹೋಗಿದೆ. ಖಿನ್ನತೆಯ ಮಾತ್ರೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಅದನ್ನು ನಾವು ಬೀರುವಿನೊಳಗೆ ಬಚ್ಚಿಟ್ಟು ನುಂಗುತ್ತೇವೆ. ಒಂದು ಹೇಳುವಷ್ಟು ದೊಡ್ಡದಲ್ಲವೆಂದು, ಇನ್ನೊಂದು ಹೇಳಿಕೊಳ್ಳುವಂಥದ್ದಲ್ಲವೆಂದು, ಎರಡೂ ಒಬ್ಬರೇ ವೈದ್ಯರ ಕಣ್ಣಿಗೆ ಒಟ್ಟಿಗೆ ಬೀಳುವುದೇ ಇಲ್ಲ.

ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಸರ್ಟ್ರಲಿನ್, ಎಸಿಟಲೋಪ್ರಾಮ್‌ನಂಥ ಖಿನ್ನತೆಯ ಔಷಧಿಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಲ್ಲಿರುವ ಸೆರೊಟೋನಿನ್ ಅನ್ನು ಕಡಿಮೆ ಮಾಡುವುದರಿಂದ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಅನ್ನೋ, ಹೃದಯಕ್ಕೆಂದು ಆಸ್ಪಿರಿನ್ ಅನ್ನೋ ಜೊತೆಗೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಹೆಚ್ಚು. ಅಂಥವರಿಗೆ ವೈದ್ಯರು ಆಮ್ಲ ಕಡಿಮೆ ಮಾಡುವ ಈ ಗ್ಯಾಸ್ಟ್ರಿಕ್ ಮಾತ್ರೆಯನ್ನು ಬೇಕೆಂದೇ ಬರೆದಿರುತ್ತಾರೆ. ಆದ್ದರಿಂದ ಈ ಮಾತು ಕೇಳಿ ಮನೆಗೆ ಹೋದವರು ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು.

ತೊಡಕಿರುವುದು ಕೆಲವು ಜೋಡಿಗಳಲ್ಲಿ. ಸಿಟಲೋಪ್ರಾಮ್ ಮತ್ತು ಎಸಿಟಲೋಪ್ರಾಮ್ ಅನ್ನು ಕರಗಿಸಿ ಹೊರಹಾಕುವ ಕೆಲಸದಲ್ಲಿ ಲಿವರಿನ ಸಿವೈಪಿ 2ಸಿ19 ಎಂಬ ಕಿಣ್ವದ ಪಾಲು ದೊಡ್ಡದು. ಗ್ಯಾಸ್ಟ್ರಿಕ್ ಮಾತ್ರೆಗಳಾದ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಅದೇ ಕಿಣ್ವದ ಕೈಕಟ್ಟುತ್ತವೆ. ದಿನಕ್ಕೆ 30 ಮಿಲಿಗ್ರಾಂ ಒಮೆಪ್ರಜೋಲ್ ಜೊತೆಗಿದ್ದರೆ ರಕ್ತದಲ್ಲಿ ಎಸಿಟಲೋಪ್ರಾಮ್‌ನ ಪ್ರಮಾಣ ಸುಮಾರು ಶೇಕಡ 50ರಷ್ಟು ಏರುತ್ತದೆ; ಅಂದರೆ 10 ಮಿಲಿಗ್ರಾಂ ನುಂಗಿದವರ ದೇಹಕ್ಕೆ ಅದು ಹದಿನೈದರಂತೆ ಕಾಣುತ್ತದೆ. ಮೂವತ್ತರ ಹರೆಯದ ಆರೋಗ್ಯವಂತರಿಗೆ ಇದು ತಿಳಿಯದೆಯೂ ಹೋಗಬಹುದು. ಆದರೆ ಈ ಎರಡು ಖಿನ್ನತೆಯ ಔಷಧಿಗಳು ಹೆಚ್ಚಾದಾಗ ಇಸಿಜಿಯಲ್ಲಿ ಕ್ಯೂಟಿ ಎಂದು ಕರೆಯುವ ಅಂತರ ಉದ್ದವಾಗಿ, ಅಪರೂಪಕ್ಕಾದರೂ ಹೃದಯದ ಲಯ ತಪ್ಪುವ ಅಪಾಯವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2011ರಲ್ಲಿ ಸಿಟಲೋಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದು ಎಚ್ಚರಿಸಿತು. ವಯಸ್ಸು 60 ದಾಟಿದವರಿಗೆ ಮತ್ತು ಈ ಕಿಣ್ವವನ್ನು ತಡೆಯುವ ಔಷಧಿ ಸೇವಿಸುವವರಿಗೆ ಮಿತಿ 20 ಮಿಲಿಗ್ರಾಂ ಎಂದು 2012ರಲ್ಲಿ ಸ್ಪಷ್ಟಪಡಿಸಿತು. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿರುವವರು ಯುರೋಪಿಗಿಂತ ನಮ್ಮಲ್ಲಿ ಹೆಚ್ಚು ಎಂಬುದನ್ನೂ ಇದರೊಂದಿಗೆ ಸೇರಿಸಿ ನೋಡಬೇಕು.

“ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ತೆಗೆದುಕೊಂಡರೆ ಆಯಿತಲ್ಲ?” ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಇವು ಡಿಕ್ಕಿ ಹೊಡೆಯುವುದು ಹೊಟ್ಟೆಯಲ್ಲಲ್ಲ, ಲಿವರಿನಲ್ಲಿ. ಅಲ್ಲಿ ಗಡಿಯಾರದ ಲೆಕ್ಕ ನಡೆಯದು. ದಾರಿ ಬೇರೆಯೇ ಇದೆ: ಈ ಕಿಣ್ವವನ್ನು ಅಷ್ಟಾಗಿ ಮುಟ್ಟದ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್‌ಗೆ ಬದಲಾಯಿಸಲು ಸಾಧ್ಯವೇ, ಇಲ್ಲವೇ ಖಿನ್ನತೆಯ ಮಾತ್ರೆಯ ಪ್ರಮಾಣವನ್ನು ಇಳಿಸಬೇಕೇ ಎಂದು ವೈದ್ಯರನ್ನು ಕೇಳುವುದು.

ಆದರೆ ಪ್ಯಾಂಟೊಪ್ರಜೋಲ್ ಎಂದ ತಕ್ಷಣ ನೆಮ್ಮದಿಯಾಗಬೇಡಿ. ನಮ್ಮ ಅಂಗಡಿಗಳಲ್ಲಿ ಅದು ಒಂಟಿಯಾಗಿ ಸಿಗುವಷ್ಟೇ ಸುಲಭವಾಗಿ ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಅಂಟಿಸಿಕೊಂಡೂ ಸಿಗುತ್ತದೆ. ಆ ‘ಡಿ’ ಡೊಂಪೆರಿಡೋನ್, ವಾಕರಿಕೆಯ ಔಷಧಿ. ಅದೂ ಕ್ಯೂಟಿಯನ್ನು ಉದ್ದಗೊಳಿಸುವಂಥದ್ದೇ. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಇದರ ಬಳಕೆಯನ್ನು ವಾಕರಿಕೆ-ವಾಂತಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರದೊಳಗೆ ಎಂದು ಸೀಮಿತಗೊಳಿಸಿತು; ನಮ್ಮಲ್ಲಿ ತಿಂಗಳುಗಟ್ಟಲೆ ನುಂಗುವವರನ್ನು ನಾನು ದಿನವೂ ಕಾಣುತ್ತೇನೆ. ನನ್ನ ದೃಷ್ಟಿಯಲ್ಲಿ ಎಸಿಟಲೋಪ್ರಾಮ್ ಸೇವಿಸುವವರಿಗೆ ಒಮೆಪ್ರಜೋಲ್‌ಗಿಂತ ಹೆಚ್ಚು ಅಂಜಿಕೆ ತರಬೇಕಾದದ್ದು, ಕೇಳದೆಯೇ ಕೈಗೆ ಬರುವ ಈ ‘ಡಿ’.

ವಯಸ್ಸಾದವರ ಮನೆಯವರು ಇನ್ನೊಂದನ್ನು ಗಮನಿಸಬೇಕು. ಆಮ್ಲ ಕಡಿಮೆ ಮಾಡುವ ಮಾತ್ರೆ, ಖಿನ್ನತೆಯ ಮಾತ್ರೆ ಎರಡೂ ರಕ್ತದ ಸೋಡಿಯಂ ಇಳಿಸಬಲ್ಲವು. ಹೊಸ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಅಜ್ಜಿ ತಡವರಿಸಿ ನಡೆಯತೊಡಗಿದರೆ, ಮಾತು ಗೊಂದಲವಾದರೆ, ವಯಸ್ಸಾಯಿತೆಂದು ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಿ. ಯಾರೇ ಆಗಲಿ, ತಲೆಸುತ್ತಿ ಬಿದ್ದರೆ ಅಥವಾ ಎದೆ ಒಮ್ಮೆಲೇ ಡವಗುಟ್ಟಿ ಕಣ್ಣು ಕತ್ತಲಿಟ್ಟರೆ ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಅರ್ಧಕ್ಕರ್ಧ ಕತ್ತರಿಸಿದ ಸ್ಟ್ರಿಪ್ಪಿನ ತುಂಡುಗಳು. ನಾಲ್ಕು ಇಲ್ಲಿ, ಮೂರು ಅಲ್ಲಿ. ಒಂದು ತುಂಡಿನಲ್ಲಿ ಉಳಿದಿದ್ದದ್ದು ‘ಪ್ರಜೋಲ್’ ಎಂಬಷ್ಟೇ ಅಕ್ಷರ. ಅದು ಒಮೆಯೋ, ಪ್ಯಾಂಟೊವೋ, ಹಿಂದೆ ‘ಡಿ’ ಇತ್ತೋ ಇಲ್ಲವೋ, ನನಗೂ ಹೇಳಲಾಗಲಿಲ್ಲ. ಇನ್ನು ಮುಂದೆ ನೀವು ನಾಲ್ಕೇ ಮಾತ್ರೆ ಕೊಂಡರೂ ಪೂರ್ತಿ ಹೆಸರಿರುವ ಭಾಗವನ್ನೇ ಕೇಳಿ ಪಡೆಯಿರಿ, ಅಥವಾ ಕತ್ತರಿಸುವ ಮುನ್ನ ಇಡೀ ಸ್ಟ್ರಿಪ್ಪಿನ ಹಿಂಬದಿಯ ಫೋಟೊ ತೆಗೆದುಕೊಂಡು, ಮನೋವೈದ್ಯರ ಬಳಿ ಹೋದಾಗ ಬೀರುವಿನೊಳಗಿನ ಮಾತ್ರೆಯ ಚೀಟಿಯ ಜೊತೆಗೆ ಅದನ್ನೂ ತೋರಿಸಿ.