ಊಟ, ವಯಸ್ಸು ಮತ್ತು ದಾಂಪತ್ಯದ ಸುಖ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಲೋಕಲ್ ರೈಲಿನಲ್ಲಿ ದಿನವೂ ಓಡಾಡುವವರು ಡಬ್ಬಿಯ ಬಾಗಿಲ ಪಕ್ಕದಲ್ಲಿ ಅಂಟಿಸಿದ ಸಣ್ಣ ಚೀಟಿಗಳನ್ನು ನೋಡಿರುತ್ತೀರಿ. ಐವತ್ತು ದಾಟಿದ ಗಂಡಸರಿಗೆ ಇಪ್ಪತ್ತರ ಹುರುಪು ತಂದುಕೊಡುತ್ತೇವೆಂಬ ಚೂರ್ಣ, ಲೇಹ್ಯಗಳ ಜಾಹೀರಾತು ಅವು. ಹೆಂಗಸರ ಸುಖದ ಮಾತು ಅವುಗಳಲ್ಲಿ ಮದ್ದಿಗೂ ಇರುವುದಿಲ್ಲ. ಈ ನಗರದ ಕನ್ನಡಿಗ ಕುಟುಂಬಗಳನ್ನು ವೈದ್ಯನಾಗಿ ಬಹುಕಾಲ ಕಂಡಿರುವ ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ತಿಂದ ರಾತ್ರಿಯೇ ಕಾಮವನ್ನು ಕೆರಳಿಸುವ ಆಹಾರ ಯಾವುದೂ ಇಲ್ಲ, ಆದರೆ ವರ್ಷಗಟ್ಟಲೆ ತಿಂದ ಊಟ ಮುಪ್ಪಿನ ಸುಖವನ್ನು ಉಳಿಸಲೂಬಲ್ಲದು, ಕಸಿಯಲೂಬಲ್ಲದು.

ಇದರ ಗುಟ್ಟು ರಕ್ತನಾಳಗಳಲ್ಲಿದೆ. ಮನಸ್ಸು ಬಯಸಿದಾಗ ಜನನಾಂಗದ ನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟಿ, ನಾಳಗಳು ಸಡಿಲಗೊಂಡು, ರಕ್ತ ತುಂಬಿ ಬರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ತಂಬಾಕು ಇವೆಲ್ಲ ಆ ಒಳಪದರವನ್ನೇ ಮೊದಲು ಕೆಡಿಸುತ್ತವೆ. ಶಿಶ್ನದ ನಾಳಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ ನಾಳಗಳದು ಮೂರರಿಂದ ನಾಲ್ಕು. ಕೊಬ್ಬು ಎರಡೂ ಕಡೆ ಕಟ್ಟಿಕೊಂಡರೂ ಕಿರಿದಾದ ನಾಳ ಮೊದಲು ತೊಂದರೆ ಕೊಡುತ್ತದೆ. ಹೀಗಾಗಿ ನಿಮಿರುವಿಕೆಯ ದೌರ್ಬಲ್ಯ ಎಷ್ಟೋ ಸಲ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. 'ವಯಸ್ಸಾಯಿತಲ್ಲ, ಇನ್ನೇನು' ಎಂದು ಸುಮ್ಮನಾಗುವವರು ಆ ಮುನ್ಸೂಚನೆಯನ್ನು ಕಳೆದುಕೊಳ್ಳುತ್ತಾರೆ.

ನಮ್ಮ ನಗರದ ಊಟದ ಹೊತ್ತನ್ನೇ ನೋಡಿ. ಸಂಜೆ ಸ್ಟೇಷನ್ನಿನ ಹೊರಗೆ ವಡಾಪಾವ್, ಮನೆ ಸೇರುವಾಗ ಒಂಬತ್ತೂವರೆ, ಹತ್ತೂವರೆಗೆ ತಟ್ಟೆಯ ತುಂಬ ಅನ್ನ, ಸಾರು, ಕರಿದ ಹಪ್ಪಳ, ಉಪ್ಪಿನಕಾಯಿ, ಕೂಡಲೇ ಹಾಸಿಗೆ. ಹೊಟ್ಟೆ ಭಾರವಾದ ಮೈಗೆ ಬೇಕಾಗುವುದು ನಿದ್ದೆ. ನಾಲಗೆಯ ಚುರುಕು, ಮೂಗಿನ ಚುರುಕು ವಯಸ್ಸಿನೊಂದಿಗೆ ಕುಂದುವುದರಿಂದ ಹಿರಿಯರು ಉಪ್ಪು, ಸಿಹಿ ಎರಡನ್ನೂ ಹೆಚ್ಚಿಸಿಕೊಳ್ಳುತ್ತಾರೆ. ಅದು ರಕ್ತದೊತ್ತಡಕ್ಕೂ ಸಕ್ಕರೆಗೂ ದಾರಿ. ಸೊಪ್ಪು, ಬೀಟ್‌ರೂಟ್, ಕಾಳು, ಶೇಂಗಾ, ಕರಾವಳಿಯವರಿಗೆ ಬಂಗುಡೆ, ಬೂತಾಯಿಯ ಗಸಿ ಇವು ನಾಳಗಳಿಗೆ ಒಳ್ಳೆಯವು. ಅದೇ ಮೀನನ್ನು ದಿನವೂ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಆ ಮಾತು ಹೇಳಲಾರೆ. ಇಟಲಿಯಲ್ಲಿ ಸ್ಥೂಲಕಾಯದ 110 ಗಂಡಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮದ ವಿವರವಾದ ಮಾರ್ಗದರ್ಶನ ಪಡೆದು ತೂಕ ಇಳಿಸಿದ ಗುಂಪಿನ ಸುಮಾರು ಮೂರನೇ ಒಂದು ಭಾಗದವರಿಗೆ ಎರಡು ವರ್ಷಗಳಲ್ಲಿ ಲೈಂಗಿಕ ಸಾಮರ್ಥ್ಯ ಮರಳಿತ್ತು.

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆಯೂ ಒಂದು. ಚರಕಸಂಹಿತೆ ಅದಕ್ಕಾಗಿ ಉದ್ದು, ಹಾಲು, ತುಪ್ಪಗಳ ಎಷ್ಟೋ ಪಾಕಗಳನ್ನು ಹೇಳುತ್ತದೆ. ಬರೀ ಉದ್ದಿನಿಂದಲೇ ಕೆಲಸ ಆಗುವಂತಿದ್ದರೆ ಇಡ್ಲಿ, ದೋಸೆ, ವಡೆಯ ಮಾಟುಂಗಾದಲ್ಲಿ ಯಾರಿಗೂ ಈ ದೂರು ಇರಬಾರದಿತ್ತು! ಆದರೆ ಅದೇ ಗ್ರಂಥ, ಎಲ್ಲ ವಾಜೀಕರಣಗಳಲ್ಲಿ ಶ್ರೇಷ್ಠವಾದದ್ದು ಹರ್ಷವನ್ನುಂಟುಮಾಡುವ ಸಂಗಾತಿಯೇ ಎಂದು ಹೇಳುವುದನ್ನು ಚೂರ್ಣ ಮಾರುವವರು ನೆನಪಿಸುವುದಿಲ್ಲ. ಎಪ್ಪತ್ತರ ನಂತರ ಕಾಮ ಸಲ್ಲದು ಎಂಬ ಚರಕರ ಮಿತಿಯನ್ನು ಮಾತ್ರ ನಾನು ಒಪ್ಪಲಾರೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ 65ರಿಂದ 74ರ ವಯಸ್ಸಿನವರಲ್ಲಿ ಶೇಕಡಾ 53ರಷ್ಟು ಮಂದಿ, 75ರಿಂದ 85ರವರಲ್ಲಿ ಶೇಕಡಾ 26ರಷ್ಟು ಮಂದಿ ಲೈಂಗಿಕವಾಗಿ ಸಕ್ರಿಯರಾಗಿದ್ದರು.

ಹೆಂಗಸರ ಕಷ್ಟ ಬೇರೆ ಬಗೆಯದು. ನಮ್ಮ ದೇಶದಲ್ಲಿ ಮುಟ್ಟು ಸಾಮಾನ್ಯವಾಗಿ 46, 47ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ ಯೋನಿಯ ಒಳಪದರ ತೆಳುವಾಗಿ, ಒಣಗಿ, ಸಂಭೋಗ ನೋವಿನದಾಗುತ್ತದೆ. ಮೊಣಕಾಲು ನೋವೆಂದು ಬಂದ ಗೃಹಿಣಿಯೊಬ್ಬರು ಚೀಟಿ ಬರೆಸಿಕೊಂಡು, ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ನಿಂತು, 'ಡಾಕ್ಟ್ರೇ, ಇವರು ನನಗೆ ಮನಸ್ಸಿಲ್ಲ ಅಂತ ತಿಳಿದಿದ್ದಾರೆ, ನನಗೆ ಇರುವುದು ಉರಿ' ಎಂದರು. ಗಂಡ ಹೊರಗಿನ ಬೆಂಚಿನಲ್ಲೇ ಕುಳಿತಿದ್ದರು. ಅವರಿಗೆ ಆ ಮಾತನ್ನು ಹೇಳಲು ಆಕೆಗೆ ಆಗಿರಲಿಲ್ಲ. ಈ ಒಣತನವನ್ನು ಯಾವ ಊಟವೂ ಸರಿಪಡಿಸದು. ಜಾರುಕ ಜೆಲ್ ಔಷಧದಂಗಡಿಯಲ್ಲಿ ಸಿಗುತ್ತದೆ; ಈಸ್ಟ್ರೋಜನ್ ಮುಲಾಮನ್ನು ಸ್ತ್ರೀರೋಗತಜ್ಞರ ಸಲಹೆಯಂತೆ ಬಳಸಬೇಕು.

ಇನ್ನು ಜಾಗದ ಮಾತು. ಮಗ, ಸೊಸೆ ಒಳಕೋಣೆಯಲ್ಲಿ, ಅಜ್ಜಿ ಮೊಮ್ಮಗುವಿನ ಪಕ್ಕದಲ್ಲಿ, ಅಜ್ಜ ಹಾಲಿನ ಸೋಫಾದ ಮೇಲೆ ಮಲಗುವ ಮನೆಯಲ್ಲಿ ಹಿರಿಯ ದಂಪತಿಗೆ ಕೈಹಿಡಿದು ಕೂರುವುದಕ್ಕೂ ಎಡೆಯಿಲ್ಲ. ಮಕ್ಕಳು ವಾರಕ್ಕೊಂದು ಮಧ್ಯಾಹ್ನ ಮೊಮ್ಮಗುವನ್ನು ಕರೆದುಕೊಂಡು ಹೊರಗೆ ಹೋದರೆ ಅದು ಎಷ್ಟೋ ಔಷಧಕ್ಕಿಂತ ಮೇಲು. ಈ ವಯಸ್ಸಿನಲ್ಲಿ ಸುಖ ನಿಧಾನವಾಗಿ ಬರುತ್ತದೆ. ಸ್ಪರ್ಶಕ್ಕೆ, ಮಾತಿಗೆ ಹೆಚ್ಚು ಹೊತ್ತು ಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. 'ಗಿಡಮೂಲಿಕೆ' ಎಂದು ಮಾರುವ ಪುಡಿಗಳಲ್ಲಿ ಸಿಲ್ಡೆನಫಿಲ್, ಅಂದರೆ ವಯಾಗ್ರ ಮಾತ್ರೆಯಲ್ಲಿರುವ ಔಷಧ, ಬೆರೆಸಿದ್ದು ಹಲವು ಬಾರಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಏಕಾಏಕಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಸಂಕೋಚ ಬಿಟ್ಟು ನಿಮ್ಮ ವೈದ್ಯರಲ್ಲಿಗೆ ಹೋಗಿ, ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶಗಳನ್ನು ಪರೀಕ್ಷಿಸಿಕೊಳ್ಳಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಆ ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಒಳಗೆ ಹೋಗಿ.