ಹೊರಟವನಿಗೆ ಹೊರಟ ದಿನದ ನಿಯಮ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ ‘ಪ್ರವಾಸೋದ್ಯಮ ತಜ್ಞರು’ ಎಂದರು. ಅಷ್ಟು ದೊಡ್ಡ ಅಂಗಿ ನನ್ನ ಮೈಗೆ ಹೊಂದುವುದಿಲ್ಲ. ನಾನು ಕಾರವಾರದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಮಾನದ ಟಿಕೆಟ್ ಮಾಡಿಸಿಕೊಡುವವನು, ವೀಸಾ ಅರ್ಜಿ ತುಂಬುವವನು, ಪಾಸ್‌ಪೋರ್ಟ್ ಫೋಟೊದಲ್ಲಿ ನಗಬೇಡಿ ಎಂದು ಹೇಳುವವನು. ಇಲ್ಲಿ ಕುಳಿತವರಲ್ಲಿ ಅರ್ಧ ಜನಕ್ಕೆ ನಾನೇ ಹಾಗೆ ಹೇಳಿದ್ದೇನೆ. ಅದಕ್ಕೇ ಇವತ್ತೂ ಯಾರೂ ನಗುತ್ತಿಲ್ಲವೋ ಏನೋ.

ರಜೆ ಬಂತು. ದೀಪಾವಳಿ ಮುಗಿದದ್ದೇ ಶಿರಸಿ, ಸಿದ್ದಾಪುರದ ಕಡೆಯವರು ಮಗಳ ಮನೆಗೆಂದು ಮೆಲ್ಬರ್ನ್, ಡಲ್ಲಾಸ್ ಎಂದು ಹೊರಡುತ್ತಾರೆ. ಭಟ್ಕಳದವರಿಗೆ ದುಬೈ ಎಂದರೆ ಕುಮಟೆಗೆ ಹೋಗಿ ಬಂದಷ್ಟೇ ಸಲೀಸು. ನಮ್ಮ ಕಾರವಾರದವರು ನಾಲ್ಕು ಜನ ಸೇರಿ ‘ಒಮ್ಮೆ ಸಿಂಗಪುರ ನೋಡಿಯೇ ಬಿಡೋಣ’ ಎಂದು ಬರುತ್ತಾರೆ. ನನ್ನ ವ್ಯಾಪಾರಕ್ಕೆ ಇದು ಸುಗ್ಗಿ. ಆದರೆ ಈ ತಿಂಗಳುಗಳಲ್ಲಿ ನನಗೆ ಸರಿಯಾಗಿ ನಿದ್ರೆ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ಬಡಿದುಕೊಂಡರೆ ಎಲ್ಲಿ ಯಾವ ಗಡಿ ಮುಚ್ಚಿತೋ ಎಂದು ಎದೆ ಹಾರುತ್ತದೆ.

ಗಡಿ ಎಂದರೇನೆಂದು ಕಾರವಾರದವರಿಗೆ ನಾನು ಪಾಠ ಹೇಳಬೇಕಾಗಿಲ್ಲ. 1961ರ ಡಿಸೆಂಬರ್ 19ರವರೆಗೆ ಗೋವೆ ಪೋರ್ಚುಗೀಸರದು, ನಮ್ಮ ಗಡಿಯೂರು ಮಾಜಾಳಿಯ ಆಚೆಗಿನ ಪೋಳೆಂ ನಮಗೆ ಪರದೇಶವಾಗಿತ್ತು. ಬಿಣಗಾದ ಎದುರಿಗಿರುವ ಅಂಜದೀವ ದ್ವೀಪದ ಮೇಲೆ ಪೋರ್ಚುಗೀಸರ ಬಾವುಟ ಹಾರುತ್ತಿತ್ತು. ಇಲ್ಲಿಯ ಎಷ್ಟೋ ಮನೆಗಳ ಕುಲದೇವರೇ ಆಚೆ: ಮಂಗೇಶಿ, ಕವಳೆಯ ಶಾಂತಾದುರ್ಗೆ, ಮಾರ್ದೊಳದ ಮಹಾಲಸೆ. ದೇವರು ಒಂದು ದೇಶದಲ್ಲಿ, ಭಕ್ತ ಇನ್ನೊಂದರಲ್ಲಿ. ತೆಂಗಿನಕಾಯಿ ಒಡೆಯುವುದಕ್ಕೂ ಪರವಾನಗಿ.

ನನ್ನ ಅಜ್ಜಿಯ ಕಥೆ ಹೇಳುತ್ತೇನೆ. ಕಾರ್ಯದರ್ಶಿಗಳು ಆಗಲೇ ಗಡಿಯಾರ ನೋಡಿದರು. ಹತ್ತು ನಿಮಿಷದ ಕಥೆ, ಐದರಲ್ಲಿ ಮುಗಿಸುತ್ತೇನೆ. ಅಜ್ಜಿಯ ತವರು ಮಾಜಾಳಿ. ಅವಳ ತಂಗಿಯನ್ನು ಕೊಟ್ಟದ್ದು ಗೋವೆಯ ಲೋಲಿಯೆಮ್ಮಿಗೆ. ನಡೆದು ಹೋದರೆ ಒಂದು ಬೆಳಗ್ಗೆಯ ದಾರಿ. 1955ರ ಶ್ರಾವಣದಲ್ಲಿ ತಂಗಿಗೆ ದಿನ ತುಂಬಿತ್ತು. ಅಜ್ಜಿ ‘ಚೌತಿಯ ಒಳಗೆ ಬಂದುಬಿಡುತ್ತೇನೆ’ ಎಂದು ಹೇಳಿ, ನನ್ನ ತಾಯಿಯನ್ನು ಅತ್ತೆಯ ಬಳಿ ಬಿಟ್ಟು ಹೊರಟಳು. ಆ ವರ್ಷದ ಆಗಸ್ಟ್ 15ರಂದು ಏನಾಯಿತೆಂದು ನಿಮಗೆ ಗೊತ್ತಿದೆ. ಗೋವೆಯೊಳಗೆ ಕಾಲಿಟ್ಟ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಭಾರತ ಗಡಿ ಬಂದ್ ಮಾಡಿತು. ಕ್ಯಾಸಲ್‌ರಾಕ್‌ನಿಂದ ಆಚೆಗೆ ರೈಲು ಹೋಗುವುದು ನಿಂತಿತು. ಸರಕು ನಿಂತಿತು. ಅಜ್ಜಿಯೂ ಅಲ್ಲೇ ನಿಂತಳು.

ದೇಶಕ್ಕೆ ಸಿಟ್ಟು ಬರಲು ಕಾರಣವಿತ್ತು, ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಅಜ್ಜಿ ಹೊರಟಾಗ ಗಡಿ ತೆರೆದಿತ್ತಲ್ಲ? ನನ್ನ ಇಡೀ ಉಪನ್ಯಾಸ ಇಷ್ಟೇ: ಹೊರಟವನಿಗೆ ಹೊರಟ ದಿನದ ನಿಯಮ. ಉಳಿದದ್ದೆಲ್ಲ ಒಗ್ಗರಣೆ.

ಒಗ್ಗರಣೆ ಎಂದಾಗ ನೆನಪಾಯಿತು. ಆ ನಿರ್ಬಂಧದ ಕಾಲದಲ್ಲಿ ಗೋವೆಗೆ ಬಟಾಟೆ ಹಾಲೆಂಡಿನಿಂದ ಬರುತ್ತಿತ್ತು, ಚಹಾ ಸಿಲೋನಿನಿಂದ, ಸಿಮೆಂಟು ಜಪಾನಿನಿಂದ. ಪಕ್ಕದ ಬೆಳಗಾವಿಯ ಬಟಾಟೆ ಘಟ್ಟ ಇಳಿಯುವಂತಿರಲಿಲ್ಲ, ಹಾಲೆಂಡಿನದು ಸಮುದ್ರ ದಾಟಿ ಬಂತು. ತಮಾಷೆಯೆಂದರೆ ಬಟಾಟೆ ಎಂಬ ಶಬ್ದವೇ ಪೋರ್ಚುಗೀಸರದು. ಚಾವಿಯೂ ಅವರದೇ. ಶಬ್ದಗಳಿಗೆ ಯಾವ ನಾಕೆಯಲ್ಲೂ ಸುಂಕ ಕಟ್ಟಬೇಕಾಗಲಿಲ್ಲ.

ಅಜ್ಜಿ ಮರಳಿದ್ದು ಚೌತಿ ಹೋಗಿ, ದೀಪಾವಳಿ ಹೋಗಿ, ಮರು ವರ್ಷದ ಮಾಘದಲ್ಲಿ. ಹೇಗೆ ಬಂದಳು ಎಂಬುದನ್ನು ಮನೆಯಲ್ಲಿ ನಾಲ್ಕು ಬಗೆಯಲ್ಲಿ ಹೇಳುತ್ತಾರೆ. ಮೀನಿನ ದೋಣಿಯಲ್ಲಿ ಎಂಬುದೇ ನಿಜವಿರಬೇಕು, ಏಕೆಂದರೆ ಆ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಈಚೆ ದಡ ಮುಟ್ಟಿದ್ದೇ ಸುಂಕದವನ ಕೈಗೆ ಸಿಕ್ಕಳು. ಎಲ್ಲಿಂದ ಬಂದೆ? ತಂಗಿಯ ಮನೆಯಿಂದ. ಯಾವ ದೇಶದಿಂದ? ದೇಶ ಗೊತ್ತಿಲ್ಲ, ಲೋಲಿಯೆಮ್ಮಿನಿಂದ. ಕೈಯಲ್ಲಿ ಒಂದು ಬರಣಿ. ಮೊಳದುದ್ದ, ಹೊಟ್ಟೆ ಬಿಳಿ, ಕುತ್ತಿಗೆ ಕಂದು, ಬಾಯಿಗೆ ಬಟ್ಟೆ ಕಟ್ಟಿದ್ದು. ಒಳಗೆ ತಂಗಿ ಹಾಕಿದ ಬಿಂಬುಲಿ ಉಪ್ಪಿನಕಾಯಿ. ಆಗ ಗೋವೆಯಿಂದ ಚಿನ್ನ, ಕೈಗಡಿಯಾರ ಕಳ್ಳದಾರಿಯಲ್ಲಿ ಬರುತ್ತಿದ್ದ ಕಾಲ. ಅವನ ಸಂಶಯ ಸಹಜ. ಬಟ್ಟೆ ಬಿಚ್ಚಿದ, ಒಂದು ಕಬ್ಬಿಣದ ಸಲಾಕೆಯನ್ನು ತಳ ಮುಟ್ಟುವವರೆಗೆ ಚುಚ್ಚಿದ. ಸಾಲದೆ ಮೊಣಕೈವರೆಗೆ ಕೈಯನ್ನೇ ಹಾಕಿ ತಡಕಾಡಿದ. ಚಿನ್ನವಿರಲಿಲ್ಲ. ಬರಣಿ ಪರದೇಶದ್ದೆಂದು ಎಂಟಾಣೆ ಸುಂಕ ಬರೆದು ರಸೀದಿ ಕೊಟ್ಟ. ಮನೆಗೆ ಬಂದು ಎಂಟೇ ದಿನಕ್ಕೆ ಉಪ್ಪಿನಕಾಯಿಗೆ ಬೂಸ್ಟು ಬಂತು.

ಅಜ್ಜಿ ಎಂಬತ್ತೊಂಬತ್ತು ವರ್ಷ ಬದುಕಿದಳು. ಏಳು ತಿಂಗಳು ಮಗಳ ಮುಖ ನೋಡದೆ ಇದ್ದದ್ದರ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ಎಂಟಾಣೆಯ ಬಗ್ಗೆಯೂ ಇಲ್ಲ. ಸಾಯುವವರೆಗೆ ಅವಳು ಹೇಳಿದ್ದು ಒಂದೇ: ‘ಕೈ ತೊಳೆದು ಹಾಕಬಾರದಿತ್ತೇ?’

ಆ ಬರಣಿ ಈಗ ನನ್ನ ಅಂಗಡಿಯ ಮೇಜಿನ ಮೇಲಿದೆ. ಅದರಲ್ಲಿ ಪೆನ್ನು ಇಡುತ್ತೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇದು ಹಳೆಯ ಕಾಲದ ಮಾತು, ಈಗ ಜಗತ್ತು ಒಂದು ಹಳ್ಳಿ ಎಂದು ಯಾರಾದರೂ ಹೇಳಿದರೆ ಅವರನ್ನು ನನ್ನ ಅಂಗಡಿಗೆ ಕಳುಹಿಸಿ. 2020ರ ಮಾರ್ಚಿನಲ್ಲಿ ಇದೇ ಮಾಜಾಳಿ ಮತ್ತೆ ಬಂದ್ ಆಗಲಿಲ್ಲವೇ? ಬೆಳಗ್ಗೆ ಗೋವೆಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುತ್ತಿದ್ದ ನಮ್ಮ ಹುಡುಗರು ಪೋಳೆಮ್ಮಿನಲ್ಲಿ ನಿಂತು ಈಚೆ ನೋಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಹೊಸ ತಳಿಯ ಕೊರೋನಾ ಎಂಬ ಸುದ್ದಿ ಬಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಇರುವಾಗ ಫ್ರಾನ್ಸ್ ತನ್ನ ಬಾಗಿಲು ಹಾಕಿಕೊಂಡಿತು. ಕೆಂಟ್ ಪ್ರಾಂತದಲ್ಲಿ ಸಾವಿರಾರು ಲಾರಿಗಳು ಸಾಲುಗಟ್ಟಿದವು. ಭಾರತವೂ ಡಿಸೆಂಬರ್ 22ರ ಮಧ್ಯರಾತ್ರಿಯಿಂದ ಬ್ರಿಟನ್ ವಿಮಾನಗಳನ್ನು ನಿಲ್ಲಿಸಿತು. ನನ್ನ ಒಬ್ಬ ಗಿರಾಕಿಯ ಮಗ ರಜೆಗೆ ಬರುವವನಿದ್ದ. ಅವನ ತಾಯಿ ಬಂಗುಡೆ ಮಸಾಲೆ ಅರೆದಿಟ್ಟು ಕಾದರು. ಆ ಮಸಾಲೆಯನ್ನು ಕೊನೆಗೆ ನನ್ನ ಮನೆಗೇ ಕಳುಹಿಸಿದರು. ತಿಂದೆ, ಆದರೆ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದರೆ, ಎರಡು ಇಳಿದವು.

ರೋಗ ಬಂದಾಗ, ಯುದ್ಧವಾದಾಗ ಮುನ್ಸೂಚನೆ ಕೊಡುತ್ತ ಕೂರಲಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ, ಒಪ್ಪುತ್ತೇನೆ. 2025ರ ಜೂನ್ 23ರ ಸಂಜೆ ಕತಾರ್ ತನ್ನ ಆಕಾಶವನ್ನು ಮುಚ್ಚಿದಾಗ ಇರಾನಿನ ಕ್ಷಿಪಣಿಗಳು ಅಲ್ಲಿಯ ಅಲ್ ಉದೈದ್ ಎಂಬ ಅಮೆರಿಕದ ವಾಯುನೆಲೆಯತ್ತ ಬರುವುದರಲ್ಲಿದ್ದವು. ಅಂಥ ಹೊತ್ತಿನಲ್ಲಿ ವಿಮಾನ ಹಿಂದಕ್ಕೆ ತಿರುಗಿದರೆ ಅದು ಪುಣ್ಯವೇ. ಆಗ ನನ್ನ ಎರಡನೆಯ ವಾದ ಬರುತ್ತದೆ. ಮಳೆಗಾಲದಲ್ಲಿ ದಾರಿಹೋಕ ಬಂದರೆ ನಮ್ಮ ಹಿರಿಯರು ಒಳಗೆ ಕರೆಯದಿದ್ದರೂ ಜಗಲಿಯಲ್ಲಿ ಮಲಗಲು ಬಿಡುತ್ತಿದ್ದರು. ಬಾಗಿಲು ಹಾಕುವವನು ಹಾಕಲಿ, ಜಗಲಿಯನ್ನಾದರೂ ಬಿಡಲಿ. ಕೆಂಟಿನಲ್ಲಿ ಸಿಕ್ಕಿಬಿದ್ದ ಲಾರಿ ಚಾಲಕರಿಗೆ ಬಿಸಿ ಅಡುಗೆ ಹೋದದ್ದು ಎಲ್ಲಿಂದ ಗೊತ್ತೇ? ಗ್ರೇವ್ಸೆಂಡಿನ ಗುರುದ್ವಾರದಿಂದ. ಎರಡು ಸರ್ಕಾರಗಳು ಕಾಗದ ಓಡಾಡಿಸುತ್ತಿದ್ದಾಗ ಸಿಖ್ಖರು ಕಡಲೆ ಪಲ್ಯ ಬೇಯಿಸಿದರು.

ಆದರೆ ರೋಗವೂ ಇಲ್ಲ, ಯುದ್ಧವೂ ಇಲ್ಲ, ಬರೀ ಸುತ್ತೋಲೆ. ಅದಕ್ಕೆ ಏನು ಹೇಳುತ್ತೀರಿ? 2022ರ ನವೆಂಬರ್ 21ರಂದು ಸಂಯುಕ್ತ ಅರಬ್ ಸಂಸ್ಥಾನ ಒಂದು ನಿಯಮ ತಂದಿತು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ. ಅಡ್ಡಹೆಸರು ಬೇಕೇ ಬೇಕು. ನನ್ನ ಬಳಿ ಟಿಕೆಟ್ ಮಾಡಿಸಿದ್ದ ಅಂಕೋಲೆಯ ಕಡೆಯ ಒಬ್ಬ ತಾಯಿಯ ವಿಮಾನ ಮರುದಿನವೇ ಇತ್ತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೊರಟವರು. ಹೆಸರು ಎರಡಕ್ಷರದ ಒಂದೇ ಶಬ್ದ. ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ ‘ಅಮ್ಮಾ, ಇನ್ನೊಂದು ಹೆಸರು?’ ಎಂದಳಂತೆ. ‘ಅರವತ್ತಾರು ವರ್ಷ ಕರೆಯುವವರಿಗೆ ಇದೊಂದೇ ಸಾಕಾಗಿತ್ತಲ್ಲ’ ಎಂದು ಇವರು ಹೇಳಿದರಂತೆ. ಸಾಕಾಗಲಿಲ್ಲ. ಬ್ಯಾಗಿನ ಮೇಲೆ ಕುಳಿತು ನನಗೆ ಫೋನು ಮಾಡಿದರು. ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೇಳಿ, ಮುಂದಿನದು ಇನ್ನೂ ಚೆನ್ನಾಗಿದೆ. ಕೆಲವೇ ದಿನಗಳಲ್ಲಿ ಸ್ಪಷ್ಟೀಕರಣ ಬಂತು: ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು. ಅವರ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮೊದಲಿನಿಂದಲೂ ಇತ್ತು! ಅಂದರೆ ಆ ಕೆಲವು ದಿನಗಳ ಮಟ್ಟಿಗೆ ಮಾತ್ರ ಅವರು ಅರ್ಧ ಮನುಷ್ಯರಾಗಿದ್ದರು. ವೀಸಾ ಕೊಟ್ಟದ್ದು ಹಳೆಯ ನಿಯಮದಲ್ಲಿ, ತಡೆದದ್ದು ಹೊಸದರಲ್ಲಿ. ನಾನು ಮತ್ತೆ ಅದನ್ನೇ ಹೇಳುತ್ತೇನೆ, ನಿಮಗೆ ಬೇಸರವಾದರೂ ಆಗಲಿ: ಹೊರಟವನಿಗೆ ಹೊರಟ ದಿನದ ನಿಯಮ. ವೀಸಾ ಕೊಡುವುದೆಂದರೆ ಮಾತು ಕೊಟ್ಟಂತೆ ಎಂದು ನಾನು ತಿಳಿದಿದ್ದೆ.

ಚೀಟಿ ಬಂತು. ಹತ್ತು ನಿಮಿಷ ಎಂದಿದೆ. ಕಸ್ಟಮ್ಸ್ ಬಗ್ಗೆ ಎಂಟು ಅಂಶ ಬರೆದುಕೊಂಡು ಬಂದಿದ್ದೆ, ಮೂರನ್ನು ಹೇಳುತ್ತೇನೆ.

ಚಿನ್ನ. 2016ರ ಬ್ಯಾಗೇಜ್ ನಿಯಮದ ಪ್ರಕಾರ, ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದು ಬರುವ ಗಂಡಸು 20 ಗ್ರಾಂ, ಹೆಂಗಸು 40 ಗ್ರಾಂ ಆಭರಣ ಸುಂಕವಿಲ್ಲದೆ ತರಬಹುದಿತ್ತು. ಆದರೆ ಬೆಲೆ ಕ್ರಮವಾಗಿ 50 ಸಾವಿರ, ಒಂದು ಲಕ್ಷ ಮೀರಬಾರದು. ಬರೆದ ವರ್ಷ ಆ ಲೆಕ್ಕ ಹೆಚ್ಚುಕಡಿಮೆ ಸರಿಯೇ ಇತ್ತು. 2025ರಲ್ಲಿ ಹತ್ತು ಗ್ರಾಮಿನ ಬೆಲೆಯೇ ಲಕ್ಷ ದಾಟಿತು. ತೂಕದಲ್ಲಿ ನೋಡಿದರೆ ನೀವು ಸಾಚಾ, ಬೆಲೆಯಲ್ಲಿ ನೋಡಿದರೆ ಕಳ್ಳ. ನೀವು ಏನೂ ಮಾಡಿರಲಿಲ್ಲ, ಪೇಟೆ ಮಾಡಿತ್ತು. 2026ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದು ಬೆಲೆಯ ಮಿತಿ ಹೋಯಿತು, ತೂಕ ಉಳಿಯಿತು. ಒಳ್ಳೆಯದು. ಇನ್ನೊಂದು ಮಾತು: ಮದುವೆಗೆಂದು ಇಲ್ಲಿಂದ ಒಡವೆ ಹಾಕಿಕೊಂಡು ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಬರುವಾಗ ನಿಮ್ಮ ಕರಿಮಣಿ ನಿಮ್ಮದೇ ಎಂದು ನೀವೇ ಸಾಬೀತು ಮಾಡಬೇಕು.

ತಿಂಡಿ. ಗಸಗಸೆ ಕೊಲ್ಲಿ ದೇಶಗಳಿಗೂ ಸಿಂಗಪುರಕ್ಕೂ ಬೇಡವೇ ಬೇಡ. ಅಲ್ಲಿ ಅದು ಅಫೀಮಿನ ಗಿಡದ ಬೀಜ, ಪಾಯಸದ ಸಾಮಾನಲ್ಲ. ಕವಳದ ಸಂಚಿಯನ್ನೂ ಮನೆಯಲ್ಲೇ ಬಿಡಿ. ಶಿರಸಿಯವರಿಗೆ ಇದು ಕಷ್ಟ ಎಂದು ಗೊತ್ತು. ಒಣ ಕೊಬ್ಬರಿಯನ್ನು 2022ರಿಂದ ನಮ್ಮ ದೇಶದಲ್ಲೇ ವಿಮಾನದ ಬ್ಯಾಗಿನಲ್ಲಿ ಹಾಕಲು ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು. ಹೂವಿನ ಬಗ್ಗೆ ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮಲಯಾಳಂ ನಟಿ ನವ್ಯಾ ನಾಯರ್ ಅವರಿಗೆ ಗೇಣುದ್ದದ ಮಲ್ಲಿಗೆ ದಂಡೆಗೆ ಮೆಲ್ಬರ್ನ್‌ನಲ್ಲಿ 1,980 ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ನಮ್ಮ ರೂಪಾಯಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಭಟ್ಕಳ ಮಲ್ಲಿಗೆಗೂ ಇಷ್ಟು ರೇಟು ಯಾವ ಮದುವೆ ಸೀಸನ್ನಿನಲ್ಲೂ ಬಂದಿಲ್ಲ.

ಮೂರನೆಯದು, ಕೆಂಪು ದಾರಿ, ಅಂದರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ಗೆ ಹೇಳಬೇಕಾದ ಸಾಮಾನು ಇದ್ದವರು ಹೋಗುವ ದಾರಿ; ಹಸಿರು ಏನೂ ಇಲ್ಲದವರದು. ಇಳಿದ ಕೂಡಲೇ ನಮ್ಮವರು ಹಸಿರು ದಾರಿಗೆ ನುಗ್ಗುತ್ತಾರೆ, ಕೆಂಪಿನಲ್ಲಿ ಹೋದರೆ ಮರ್ಯಾದೆ ಹೋಯಿತು ಎಂಬಂತೆ. ಸಂಶಯವಿದ್ದರೆ ಕೆಂಪಿನಲ್ಲೇ ಹೋಗಿ, ಇದೆ ಎಂದು ಹೇಳಿ. ನಮ್ಮ 1962ರ ಕಸ್ಟಮ್ಸ್ ಕಾಯ್ದೆಯಲ್ಲೂ, ಮುಚ್ಚಿಡದೆ ಘೋಷಿಸಿದ ವಸ್ತುವನ್ನು ಅಲ್ಲಿ ಇಡಿಸಿ, ದೇಶ ಬಿಡುವಾಗ ಮರಳಿ ಪಡೆಯಲು ಅವಕಾಶವಿದೆ.

ವಿಮೆ, ರೀಫಂಡ್, ನೇಪಾಳದ ನೋಟಿನ ಗೊಂದಲ, ಇವನ್ನೆಲ್ಲ ಬಿಟ್ಟೆ. ಎರಡನೆಯ ಚೀಟಿ ಬಂದಿದೆ, ಇದರಲ್ಲಿ ನಿಮಿಷದ ಲೆಕ್ಕವೇ ಇಲ್ಲ, ‘ಚಹಾ’ ಎಂದಷ್ಟೇ ಇದೆ.

ಕಳೆದ ಬಾರಿ ಶಿರಸಿ ಹತ್ತಿರದ ಒಬ್ಬ ತಾಯಿ ಮೆಲ್ಬರ್ನ್‌ಗೆ ಹೊರಟಿದ್ದರು. ಹಲಸಿನ ಹಪ್ಪಳ, ಒಂದು ಡಬ್ಬಿ ಅಪ್ಪೆಮಿಡಿ. ಬೇಡ ಎಂದೆ, ಕೇಳಲಿಲ್ಲ. ಹಾಗಾದರೆ ಕಾಗದದ ಮೇಲೆ ‘ಇದೆ’ ಎಂದು ಗುರುತು ಹಾಕಿ ಎಂದೆ. ಹಾಕಿದರು. ಮರುದಿನ ಫೋನು ಬಂತು. ದಂಡವಿಲ್ಲ. ಹಪ್ಪಳ ಬಿಟ್ಟರಂತೆ, ಮಿಡಿಯನ್ನು ಇಟ್ಟುಕೊಂಡರಂತೆ. ದುಃಖವಾಯಿತೇ ಎಂದು ಕೇಳಿದೆ. ಆಯಿತು ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೆ ಆ ಹುಡುಗ ಮೊದಲಿನ ಕೈಗವಸು ತೆಗೆದುಹಾಕಿ, ಹೊಸದನ್ನು ಹಾಕಿಕೊಂಡೇ ಡಬ್ಬಿ ಮುಟ್ಟಿದ’ ಎಂದರು.